ಎಲ್ಲರನ್ನೂ ದಾನಿಗಳೆಂದು ಬರೆದುಕೊಂಡರೆ ಅಂಗಾಂಗ ಸಿಗುತ್ತವೆಯೇ?

ಪ್ರಶ್ನೆ: ಆಸ್ಟ್ರಿಯಾದಲ್ಲಿ ಎಲ್ಲರೂ ಅಂಗಾಂಗ ದಾನಿಗಳು ಎಂದೇ ಲೆಕ್ಕವಂತೆ. ಬೇಡ ಎನ್ನುವವರು ಮಾತ್ರ ಬರೆದುಕೊಡಬೇಕಂತೆ. ನಮ್ಮಲ್ಲೂ ಹಾಗೇ ಕಾನೂನು ಮಾಡಿದರೆ ಕಿಡ್ನಿಗೆ ಕಾಯುವವರ ಸಾಲು ಕರಗುತ್ತದೆ ಅಲ್ವಾ?

ಉತ್ತರ: ಕರಗುವುದಿಲ್ಲ. ಜನ ಹೇಗೆ ನಿರ್ಧಾರ ಮಾಡುತ್ತಾರೆಂದು ನೋಡುವ ನಡವಳಿಕೆ ವಿಜ್ಞಾನದ ಬಗ್ಗೆ ಎಲ್ಲಿ ಮಾತಾಡಿದರೂ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ಆದರೂ ಕೇಳುವವರ ಕಾಳಜಿ ದೊಡ್ಡದು, ಅದಕ್ಕೇ ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ.

2003ರಲ್ಲಿ ಎರಿಕ್ ಜಾನ್ಸನ್ ಮತ್ತು ಡೇನಿಯಲ್ ಗೋಲ್ಡ್‌ಸ್ಟೀನ್ 'ಸೈನ್ಸ್' ಪತ್ರಿಕೆಯಲ್ಲಿ ಒಂದು ಲೆಕ್ಕ ಕೊಟ್ಟರು. ಒಪ್ಪಿಗೆಯನ್ನು ಕೇಳಿ ಬರೆಸಿಕೊಳ್ಳುವ ಜರ್ಮನಿಯಲ್ಲಿ ಒಪ್ಪಿದವರು ಶೇ. 12. ಪಕ್ಕದ ಆಸ್ಟ್ರಿಯಾದಲ್ಲಿ ಶೇ. 99.98. ಅರ್ಜಿಯ ಒಂದು ಸಾಲು ತಿರುಗಿಸಿದರೆ ಇಷ್ಟು ಬದಲಾವಣೆ! ಅಂದಿನಿಂದ ಈ ಎರಡು ಅಂಕಿಗಳು ಊರೂರು ತಿರುಗುತ್ತಿವೆ.

ಆ 99.98 ಎಂದರೆ ಯಾರು? "ಬೇಡ" ಎಂದು ಬರೆದುಕೊಡದವರು. ಅಷ್ಟೇ. ಅವರಲ್ಲಿ ಬಹಳಷ್ಟು ಜನ ಈ ವಿಷಯ ಯೋಚಿಸಿಯೇ ಇರಲಿಕ್ಕಿಲ್ಲ. ನಿಜವಾಗಿ ನಡೆದ ದಾನಗಳನ್ನು ಎಣಿಸಿದಾಗ ಅದೇ ಸಂಶೋಧಕರಿಗೆ ಕಂಡ ವ್ಯತ್ಯಾಸ ಇದಕ್ಕಿಂತ ತುಂಬಾ ಚಿಕ್ಕದು. ಲೇಖನದ ಈ ಭಾಗವನ್ನು ಯಾರೂ ನೆನಪಿಟ್ಟುಕೊಳ್ಳಲಿಲ್ಲ, ನನಗೆ ಬೇಸರವಾಗುವುದು ಅಲ್ಲೇ.

ನಮ್ಮ ಆಸ್ಪತ್ರೆಯ ಐಸಿಯು ಹೊರಗೆ ನಿಂತು ನೋಡಿ. ಮೆದುಳು ನಿಷ್ಕ್ರಿಯವಾಗಿದೆ ಎಂದು ನಾಲ್ವರು ವೈದ್ಯರು ಕನಿಷ್ಠ ಆರು ಗಂಟೆ ಬಿಟ್ಟು ಎರಡು ಸಲ ಪರೀಕ್ಷೆ ಮಾಡಿ ಹೇಳಬೇಕು. ವೆಂಟಿಲೇಟರ್ ಮೇಲೆ ಎದೆ ಇನ್ನೂ ಏರಿಳಿಯುತ್ತಿರುತ್ತದೆ, ಮೈ ಬೆಚ್ಚಗಿರುತ್ತದೆ. ಮಗ ಇನ್ನಿಲ್ಲ ಎಂದು ಆ ತಾಯಿಗೆ ಯಾರಾದರೂ ಅರ್ಥ ಮಾಡಿಸಬೇಕು. ಆಮೇಲೆ ಅಂಗಾಂಗ ಕೊಡುತ್ತೀರಾ ಎಂದು ಕೇಳಬೇಕು. ಅರ್ಜಿಯಲ್ಲಿ ಯಾವ ಟಿಕ್ ಇದ್ದರೂ ಈ ಮಾತುಕತೆ ತಪ್ಪುವುದಿಲ್ಲ.

ಸ್ಪೇನ್ ಕಥೆ ಕೇಳಿ. ಸುಮ್ಮನಿದ್ದವರನ್ನು ಒಪ್ಪಿದವರೆಂದು ತಿಳಿಯುವ ಕಾನೂನು ಅಲ್ಲಿ ಬಂದದ್ದು 1979ರಲ್ಲಿ. ಹತ್ತು ವರ್ಷವಾದರೂ ದಾನಿಗಳ ಸಂಖ್ಯೆ ಹತ್ತು ಲಕ್ಷ ಜನಕ್ಕೆ ಸುಮಾರು 14. 1989ರಲ್ಲಿ ರಾಫೆಲ್ ಮಾಟೆಸಾಂಝ್ ನೇತೃತ್ವದಲ್ಲಿ ರಾಷ್ಟ್ರೀಯ ಕಸಿ ಸಂಸ್ಥೆ ಶುರುವಾಯಿತು. ಆಸ್ಪತ್ರೆಗಳಲ್ಲಿ ಈ ಕೆಲಸಕ್ಕೇ ಸಂಯೋಜಕರನ್ನು ನೇಮಿಸಿದರು. ಅವರಲ್ಲಿ ಹೆಚ್ಚಿನವರು ಐಸಿಯು ವೈದ್ಯರೇ. ದುಃಖದಲ್ಲಿರುವವರ ಜೊತೆ ಹೇಗೆ ಮಾತಾಡಬೇಕೆಂದು ತರಬೇತಿ ಕೊಟ್ಟರು. ಮುಂದಿನ ಹತ್ತು ವರ್ಷದಲ್ಲಿ ಸಂಖ್ಯೆ 30 ದಾಟಿತು. ಕಾನೂನು ಅದೇ ಹಳೆಯದು. ಈಗಲೂ ಅಲ್ಲಿ ಮನೆಯವರನ್ನು ಕೇಳುತ್ತಾರೆ, ಅವರು ಬೇಡವೆಂದರೆ ಬಿಡುತ್ತಾರೆ.

ಬ್ರೆಜಿಲ್ 1997ರಲ್ಲಿ ಅಂಥದ್ದೇ ಕಾನೂನು ಮಾಡಿ ಕೈ ಸುಟ್ಟುಕೊಂಡಿತು. ಪ್ರಾಣ ಹೋಗುವ ಮೊದಲೇ ಅಂಗ ತೆಗೆದುಬಿಡುತ್ತಾರೆ ಎಂಬ ಭಯ ಹಬ್ಬಿತು. ಬೇಡವೆಂದು ಬರೆಸಲು ಜನ ಮುಗಿಬಿದ್ದರು. 1998ರಲ್ಲೇ ಅದನ್ನು ಕೈಬಿಡಬೇಕಾಯಿತು. ಆಸ್ಪತ್ರೆ ಎಂದರೆ ನಮ್ಮ ಜನರಿಗೂ ಅಷ್ಟಿಷ್ಟು ಅನುಮಾನ ಇದ್ದೇ ಇದೆ. ಆ ಅನುಮಾನದ ಮೇಲೆ ಇಂಥ ಕಾನೂನು ಹೇರುವುದು ತಪ್ಪು ಎಂದೇ ನನ್ನ ಅಭಿಪ್ರಾಯ.

ನಮ್ಮಲ್ಲಿ ಆಗಬೇಕಾದ ಕೆಲಸ 1994ರ ಅಂಗಾಂಗ ಕಸಿ ಕಾನೂನಿನ 2011ರ ತಿದ್ದುಪಡಿಯಲ್ಲೇ ಇದೆ. ಐಸಿಯುನಲ್ಲಿ ಮನೆಯವರನ್ನು ಕೇಳಬೇಕು, ಕಸಿಗೆ ನೋಂದಾಯಿಸಿದ ಆಸ್ಪತ್ರೆಯಲ್ಲಿ ಸಂಯೋಜಕರು ಇರಬೇಕು. ಕರ್ನಾಟಕದಲ್ಲಿ ಜೀವಸಾರ್ಥಕತೆ ಸಂಸ್ಥೆ ಇದನ್ನೆಲ್ಲ ಜೋಡಿಸುತ್ತದೆ. ನೀವು ಪ್ರತಿಜ್ಞೆ ಮಾಡಿದ್ದರೂ ಮನೆಯವರನ್ನು ಕೇಳಿಯೇ ಮುಂದುವರಿಯುತ್ತಾರೆ. ಹಾಗಾಗಿ ಇವತ್ತು ರಾತ್ರಿ ಊಟಕ್ಕೆ ಕೂತಾಗ ನಿಮ್ಮ ಇಷ್ಟ ಏನೆಂದು ಮನೆಯಲ್ಲಿ ಹೇಳಿಬಿಡಿ.

ಹಾಗಾದರೆ ಡಿಫಾಲ್ಟ್‌ಗೆ, ಅಂದರೆ ನಾವು ಸುಮ್ಮನಿದ್ದರೆ ತಾನಾಗಿ ಜಾರಿಯಾಗುವ ಆಯ್ಕೆಗೆ, ಶಕ್ತಿಯೇ ಇಲ್ಲವೇ? ಇದೆ. ಬ್ರಿಟನ್ 2012ರಿಂದ ಉದ್ಯೋಗಿಗಳನ್ನು ಪಿಂಚಣಿ ಯೋಜನೆಗೆ ತಾನಾಗಿಯೇ ಸೇರಿಸುತ್ತಿದೆ. ಹೆಚ್ಚಿನವರು ಉಳಿದುಕೊಂಡರು. ಅಲ್ಲಿ ಹೆಸರು ಸೇರಿದರೆ ಸಾಕು, ಸಂಬಳದಿಂದ ದುಡ್ಡು ತಾನೇ ಜಮೆಯಾಗುತ್ತದೆ. ನಡುವೆ ಯಾರನ್ನೂ ಕೇಳಬೇಕಾಗಿಲ್ಲ. ಬೇಡದವರು ಹೊರಬರುವುದೂ ಸುಲಭ, ಕಟ್ಟಿದ ದುಡ್ಡು ಆ ಉದ್ಯೋಗಿಯದೇ.

ಕಂಪನಿಗಳು ಬಳಸುವುದೂ ಇದೇ ಶಕ್ತಿಯನ್ನು. ಟಿಕೆಟ್ ಬುಕ್ ಮಾಡುವಾಗ ವಿಮೆಯ ಬಾಕ್ಸ್‌ನಲ್ಲಿ ಮೊದಲೇ ಟಿಕ್ ಇರುತ್ತದಲ್ಲ, ಅದರ ಬಗ್ಗೆ ನೀವು ನನ್ನನ್ನು ಕೇಳಲಿಲ್ಲ, ಆದರೂ ಹೇಳುತ್ತೇನೆ. ಕಳೆದ ತಿಂಗಳು ನಾನೂ ಗಮನಿಸದೆ ದುಡ್ಡು ಕಟ್ಟಿದೆ. ಇಲ್ಲಿ ನಮ್ಮ ಮೌನದಿಂದ ಲಾಭ ಮಾರುವವರಿಗೆ. ಯುರೋಪಿನ ಒಕ್ಕೂಟ ಹೆಚ್ಚುವರಿ ಹಣಕ್ಕೆ ಹೀಗೆ ಮೊದಲೇ ಟಿಕ್ ಹಾಕುವುದನ್ನು ನಿಷೇಧಿಸಿದೆ. ನಮ್ಮ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವೂ 2023ರ ನವೆಂಬರ್ 30ರಂದು 13 ಬಗೆಯ ಡಾರ್ಕ್ ಪ್ಯಾಟರ್ನ್‌ಗಳನ್ನು, ಅಂದರೆ ಆನ್‌ಲೈನ್‌ನಲ್ಲಿ ಗ್ರಾಹಕರನ್ನು ದಾರಿ ತಪ್ಪಿಸುವ ತಂತ್ರಗಳನ್ನು, ಪಟ್ಟಿ ಮಾಡಿ ನಿಷೇಧಿಸಿತು. ಕೇಳದೆ ಬುಟ್ಟಿಗೆ ವಸ್ತು ತುರುಕುವುದು ಅದರಲ್ಲಿ ಒಂದು. ನಿಮಗೂ ಹೀಗಾದರೆ ಸ್ಕ್ರೀನ್‌ಶಾಟ್ ಇಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.