ಕಿಡ್ನಿ ರಿಪೋರ್ಟಲ್ಲಿ ಕೂತಿದ್ದ 1.159

ಅಮೆರಿಕದಲ್ಲಿ ಕೆಲವು ವರ್ಷದ ಹಿಂದಿನ ತನಕ ಕಿಡ್ನಿ ಟೆಸ್ಟ್ ಮಾಡಿಸಿದ್ರೆ ಎಷ್ಟೋ ಲ್ಯಾಬ್‌ಗಳ ರಿಪೋರ್ಟಲ್ಲಿ ಇಜಿಎಫ್ಆರ್ (ಕಿಡ್ನಿ ಎಷ್ಟು ಸೋಸ್ತಿದೆ ಅನ್ನೋ ಅಂದಾಜು, ಕಮ್ಮಿ ಆದಷ್ಟೂ ಕಿಡ್ನಿ ಹಾಳಾಗಿದೆ ಅಂತ) ಅನ್ನೋದಕ್ಕೆ ಎರಡು ನಂಬರ್ ಪ್ರಿಂಟ್ ಆಗಿ ಬರ್ತಿತ್ತು, ಒಂದು ಕಪ್ಪು ಜನರಿಗೆ, ಇನ್ನೊಂದು ಉಳಿದೋರಿಗೆ. ರಕ್ತ ಅದೇ, ಟೆಸ್ಟ್ ಅದೇ, ಬಣ್ಣ ನೋಡಿ ಉತ್ತರ ಬೇರೆ! ಡಾಕ್ಟ್ರುಗಳು ದಿನಾ ನೋಡ್ತಿದ್ರು, ಆದ್ರೆ ಮಷೀನಿಂದ ಪ್ರಿಂಟ್ ಆಗಿ ಬಂದಿದ್ದನ್ನ ಯಾರು ಪ್ರಶ್ನೆ ಮಾಡ್ತಾರೆ ಹೇಳಿ.

ಕಿಡ್ನಿ ಎಷ್ಟು ಸೋಸ್ತಿದೆ ಅಂತ ನೇರವಾಗಿ ಅಳೆಯೋದು ದೊಡ್ಡ ರಗಳೆ, ಅದಕ್ಕೇ ರಕ್ತದಲ್ಲಿರೋ ಕ್ರಿಯಾಟಿನಿನ್ ನೋಡ್ತಾರೆ. ಸ್ನಾಯುಗಳಿಂದ ಬರೋ ಕಸ ಅದು, ಕಿಡ್ನಿ ಸರಿ ಇದ್ರೆ ಹೊರಗೆ ಹೋಗುತ್ತೆ, ಇಲ್ಲಾಂದ್ರೆ ರಕ್ತದಲ್ಲೇ ಉಳ್ಕೊಳುತ್ತೆ. ಅದಕ್ಕೆ ವಯಸ್ಸು, ಗಂಡಾ ಹೆಣ್ಣಾ ಅನ್ನೋದನ್ನ ಸೇರಿಸಿ ಫಾರ್ಮುಲಾಗೆ ಹಾಕಿದ್ರೆ ಒಂದು ಅಂದಾಜು ಸಿಗುತ್ತೆ. 1999ರಲ್ಲಿ ಇಂಥ ಒಂದು ಫಾರ್ಮುಲಾ ಮಾಡಿದಾಗ, ಕಿಡ್ನಿ ಅಷ್ಟೇ ಸೋಸ್ತಿದ್ರೂ ಕಪ್ಪು ಜನರ ಕ್ರಿಯಾಟಿನಿನ್ ಸರಾಸರಿ ಸ್ವಲ್ಪ ಜಾಸ್ತಿ ಕಾಣ್ತು. ಅವರಿಗೆ ಸ್ನಾಯು ಜಾಸ್ತಿ ಇರುತ್ತಲ್ಲ ಅಂತ ಕಾರಣ ಕೊಟ್ಟು, ಉತ್ತರಾನ ಒಂದು ನಂಬರಿಂದ ಗುಣಿಸಿಬಿಟ್ರು. 2009ರ ಹೊಸ ಫಾರ್ಮುಲಾದಲ್ಲಿ ಆ ನಂಬರ್ 1.159. ಎದುರಿಗೆ ಕೂತಿರೋ ಪೇಷಂಟ್‌ದು ಯಾರೂ ಸ್ನಾಯು ಅಳೀತಿರಲಿಲ್ಲ, ಬರೀ ಒಂದು ಟಿಕ್ಕು. ಅಪ್ಪ ಕಪ್ಪು ಅಮ್ಮ ಬಿಳಿ ಆಗಿದ್ರೆ ಎಲ್ಲಿ ಟಿಕ್ ಹಾಕೋದು ಅಂತ ಫಾರ್ಮುಲಾ ಹೇಳಲ್ಲ.

ಇದರಿಂದ ಏನಾಯ್ತು ಅಂತ ಲೆಕ್ಕ ಹಾಕಿ. ಅಲ್ಲಿ ಕಿಡ್ನಿ ಕಸಿಗೆ ಕಾಯೋ ಸಮಯ ಡಯಾಲಿಸಿಸ್‌ಗೂ ಮುಂಚೆ ಶುರುವಾಗಬೇಕಂದ್ರೆ ಇಜಿಎಫ್ಆರ್ 20 ಅಥವಾ ಅದಕ್ಕಿಂತ ಕಮ್ಮಿ ಇರಬೇಕು. ಒಂದೇ ವಯಸ್ಸಿನ ಇಬ್ಬರು ಗಂಡಸರು, ಕ್ರಿಯಾಟಿನಿನ್ ಕೂಡ ಒಂದೇ. ಬಿಳಿಯನಿಗೆ 18 ಬಂತು, ಅವನ ಗಡಿಯಾರ ಅವತ್ತೇ ಶುರು. ಕಪ್ಪು ಮನುಷ್ಯನಿಗೆ 18ನ್ನ 1.159ರಿಂದ ಗುಣಿಸಿ 20.86, ನೀನು ಇನ್ನೂ ಕಾಯಪ್ಪಾ. ಮೊದಲೇ ಅಲ್ಲಿ ಕಿಡ್ನಿ ಫೇಲ್ ಆಗೋದು ಬಿಳಿಯರಿಗಿಂತ ಕಪ್ಪು ಜನರಲ್ಲಿ ಮೂರು ಪಟ್ಟಿಗಿಂತ ಜಾಸ್ತಿ, ಅಂಥೋರನ್ನೇ ಕ್ಯೂನಲ್ಲಿ ಹಿಂದೆ ತಳ್ಳಿದ್ದು ಈ ಗುಣಾಕಾರ.

ಇದನ್ನ ಯಾಕೆ ಅಂತ ಜೋರಾಗಿ ಕೇಳಿದೋರಲ್ಲಿ ಮುಂದಿದ್ದಿದ್ದು ಮೆಡಿಕಲ್ ಸ್ಟೂಡೆಂಟ್ಸ್. ಮಾರ್ಕ್ಸು, ಮುಂದಿನ ಕೆಲಸ ಎಲ್ಲಾ ಪ್ರೊಫೆಸರ್‌ಗಳ ಕೈಲಿರೋ ಹುಡುಗ ಹುಡುಗೀರು ಕ್ಲಾಸಲ್ಲೇ ಕೇಳಿದ್ರು, ಅರ್ಜಿ ಬರೆದ್ರು, ಸಹಿ ಹಾಕ್ಸಿದ್ರು, ವರ್ಷಗಟ್ಟಲೆ ಬೆನ್ನು ಹತ್ತಿದ್ರು. ಬಾಸ್ಟನ್‌ನ ಬೆತ್ ಇಸ್ರೇಲ್ ಡೀಕನೆಸ್ ಆಸ್ಪತ್ರೆ 2017ರಲ್ಲಿ ಇದನ್ನ ಕೈಬಿಡ್ತು, ಸಿಯಾಟಲ್‌ನ ಯೂನಿವರ್ಸಿಟಿ ಆಫ್ ವಾಷಿಂಗ್ಟನ್ ಆಸ್ಪತ್ರೆಗಳು 2020ರಲ್ಲಿ.

ಈ ಗುಣಾಕಾರ ತೆಗೀಬೇಡಿ ಅಂದೋರೆಲ್ಲ ಕೆಟ್ಟೋರು ಅಂತೇನಲ್ಲ. ಇಜಿಎಫ್ಆರ್ ನೋಡಿ ಔಷಧಿ ಡೋಸ್ ಕೂಡ ನಿರ್ಧಾರ ಮಾಡ್ತಾರೆ, ಸುಮ್ನೆ ಅಳಿಸಿಹಾಕಿದ್ರೆ ಕಪ್ಪು ಪೇಷಂಟ್‌ಗಳಿಗೆ ಅಂದಾಜು ಕಮ್ಮಿ ಬಂದು ಬೇಕಾದ ಮಾತ್ರೇನೇ ತಪ್ಪಿಹೋಗಬಹುದು ಅನ್ನೋದು ಅವರ ವಾದ. ನ್ಯಾಯವಾದ ಅನುಮಾನಾನೇ. ಅದಕ್ಕೇ ನ್ಯಾಷನಲ್ ಕಿಡ್ನಿ ಫೌಂಡೇಶನ್ ಮತ್ತೆ ಅಮೆರಿಕನ್ ಸೊಸೈಟಿ ಆಫ್ ನೆಫ್ರಾಲಜಿ ಸೇರ್ಕೊಂಡು ಸಮಿತಿ ಮಾಡಿ, 2021ರಲ್ಲಿ ಬಣ್ಣ ಕೇಳದೇ ಇರೋ ಫಾರ್ಮುಲಾ ಬಳಸಿ ಅಂದ್ರು. ಅದರಲ್ಲೂ ತಪ್ಪು ಇದ್ದೇ ಇದೆ, ಕಪ್ಪು ಜನರಿಗೆ ಸ್ವಲ್ಪ ಕಮ್ಮಿ, ಉಳಿದೋರಿಗೆ ಸ್ವಲ್ಪ ಜಾಸ್ತಿ ತೋರ್ಸುತ್ತೆ, ಇನ್ನೂ ನಿಖರ ಬೇಕಂದ್ರೆ ಸಿಸ್ಟಾಟಿನ್ ಸಿ ಅನ್ನೋ ಪ್ರೋಟೀನನ್ನೂ ಅಳೀಬೇಕು.

ನನಗೆ ಇಷ್ಟ ಆಗಿದ್ದು ಇದರ ಮುಂದಿನ ಭಾಗ. ತಪ್ಪಾಯ್ತು ಅಂದು ಕೈ ತೊಳ್ಕೊಂಡಿಲ್ಲ. 2023ರ ಜನವರಿಯಿಂದ ಕಸಿ ಆಸ್ಪತ್ರೆಗಳು ಹಳೇ ರಿಪೋರ್ಟ್‌ಗಳನ್ನ ತೆಗೆದು, ಯಾರು ಯಾವತ್ತೇ ಲಿಸ್ಟಿಗೆ ಬರಬೇಕಿತ್ತು ಅಂತ ಹುಡುಕಿ ಕಳ್ಕೊಂಡ ಸಮಯ ವಾಪಸ್ ಕೊಡಬೇಕು ಅಂತ ನಿಯಮ ಬಂತು. 2024ರ ಮಾರ್ಚ್ ಹೊತ್ತಿಗೆ 14 ಸಾವಿರಕ್ಕಿಂತ ಜಾಸ್ತಿ ಕಪ್ಪು ಪೇಷಂಟ್‌ಗಳ ಲೆಕ್ಕ ತಿದ್ದಿದ್ರು, ಸರಾಸರಿ ಎರಡು ವರ್ಷದಷ್ಟು.

ಶ್ವಾಸಕೋಶ ಅಳೆಯೋ ಸ್ಪೈರೋಮೀಟರ್‌ನಲ್ಲೂ ಇದೇ ಥರ, ಕಪ್ಪು ಜನರಿಗೆ ನಾರ್ಮಲ್ ಅನ್ನೋದೇ ಕಮ್ಮಿ ಅಂತ ಇಟ್ಟಿದ್ರು. ಅಮೆರಿಕನ್ ಥೊರಾಸಿಕ್ ಸೊಸೈಟಿ ಅದನ್ನ ಬಿಡಿ ಅಂದಿದ್ದು 2023ರಲ್ಲಿ.