ಆನ್‌ಲೈನ್ ಕ್ಲಾಸು ಅಪ್ರೂವ್ಡಾ ಸಾರ್?

ಮೊನ್ನೆ ಶನಿವಾರ ಬೆಳಗ್ಗೆ ಏಳಕ್ಕೇ ಫೋನು. ತಿಪಟೂರು ಕಡೆಯ ತೆಂಗಿನ ತೋಟದವರು. ಮಗ ಪಿಯುಸಿ ಮುಗಿಸಿದ್ದಾನೆ, ಪೈಲಟ್ ಆಗಬೇಕಂತೆ. ನಾನು ನಮಸ್ಕಾರ ಹೇಳಿ ಮುಗಿಸುವ ಮೊದಲೇ ಕೇಳಿದರು, "ಸಾರ್, ನಿಮ್ಮ ಆನ್‌ಲೈನ್ ಕ್ಲಾಸು ಡಿಜಿಸಿಎ ಅಪ್ರೂವ್ಡಾ?" ಡಿಜಿಸಿಎ ಅಂದರೆ ದೇಶದ ನಾಗರಿಕ ವಿಮಾನಯಾನ ನೋಡಿಕೊಳ್ಳುವ ಸರ್ಕಾರಿ ಸಂಸ್ಥೆ.

ಯಲಹಂಕದ ಹತ್ತಿರ ಒಂದು ಮಹಡಿ ಮೇಲೆ ಕೂತು ನ್ಯಾವಿಗೇಷನ್ ಮತ್ತು ಹವಾಮಾನ ಪಾಠ ಮಾಡುವವನು ನಾನು. ಕೋವಿಡ್ ಬಂದು ಹೋದ ಮೇಲೆ ನನ್ನ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಲ್ಯಾಪ್‌ಟಾಪ್ ಪರದೆಯಲ್ಲೇ ಇರುತ್ತಾರೆ. ಈ 'ಅಪ್ರೂವ್ಡಾ' ಪ್ರಶ್ನೆ ವಾರಕ್ಕೆ ನಾಲ್ಕು ಸಲ ಬರುತ್ತದೆ, ನನಗೆ ಸಾಕಾಗಿಹೋಗಿದೆ.

ಅವರಿಗೆ ನಾನು ತಿರುಗಿ ಕೇಳಿದೆ. ನಿಮ್ಮ ಮಗ ಎಸ್ಸೆಸ್ಸೆಲ್ಸಿಗೆ ಟ್ಯೂಷನ್‌ಗೆ ಹೋಗಿದ್ದನಾ? ಹೋಗಿದ್ದ, ನಮ್ಮ ಬೀದಿ ಮೇಡಂ ಹತ್ತಿರ. ಆ ಮೇಡಂಗೆ ಬೋರ್ಡಿನ ಅಪ್ರೂವಲ್ ಇತ್ತಾ? "ಟ್ಯೂಷನ್‌ಗೆ ಯಾಕೆ ಸಾರ್ ಅಪ್ರೂವಲ್ಲು!" ಅಂದರು. ಅಷ್ಟೇ ವಿಷಯ. ಪೈಲಟ್ ಲೈಸೆನ್ಸಿಗೆ ಬರೆಯುವ ಥಿಯರಿ ಪೇಪರುಗಳಿವೆಯಲ್ಲ, ನ್ಯಾವಿಗೇಷನ್, ಮೀಟಿಯರಾಲಜಿ, ರೆಗ್ಯುಲೇಷನ್ಸ್, ಟೆಕ್ನಿಕಲ್, ಅವನ್ನು ನಡೆಸುವುದು ಡಿಜಿಸಿಎ. ಪಾಸಾಗಲು ನೂರಕ್ಕೆ 70 ಬೇಕು. ಆ 70 ಅನ್ನು ನೀವು ನನ್ನಿಂದ ಕಲಿತಿರೋ, ಅಣ್ಣನ ಹಳೇ ಪುಸ್ತಕದಿಂದಲೋ, ಕುಂದಾಪುರದ ಮನೆಯಲ್ಲಿ ಕೂತು ಫೋನಿನಲ್ಲಿ ನೋಡಿಯೋ, ಪರೀಕ್ಷೆ ಹಾಲಿನಲ್ಲಿ ಯಾರೂ ಕೇಳುವುದಿಲ್ಲ. ನಾನು ಟ್ಯೂಷನ್ ಮೇಷ್ಟ್ರು. ನಾನು ಕೊಡುವ ಸರ್ಟಿಫಿಕೇಟಿಗೆ ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಬಹುದು, ಅದರಿಂದ ವಿಮಾನ ಮೇಲೇಳುವುದಿಲ್ಲ. ಹಾಗಾಗಿ ಜಾಹೀರಾತಿನಲ್ಲಿ 'ಅಪ್ರೂವ್ಡ್ ಆನ್‌ಲೈನ್ ಪೈಲಟ್ ಕೋರ್ಸ್' ಅಂತ ಕಂಡರೆ, ಅಪ್ರೂವ್ ಆಗಿರುವುದು ಏನು ಅಂತ ಒಂದು ಪ್ರಶ್ನೆ ಹಾಕಿ. ಕ್ಲಾಸಾ? ಫ್ಲೈಯಿಂಗ್ ಸ್ಕೂಲಾ? ಎರಡೂ ಬೇರೆ ಬೇರೆ.

ಒಂದು ಎಚ್ಚರಿಕೆ ಹೇಳಿಬಿಡುತ್ತೇನೆ. ಫ್ಲೈಯಿಂಗ್ ಸ್ಕೂಲುಗಳು ತಮ್ಮದೇ ಗ್ರೌಂಡ್ ಕ್ಲಾಸನ್ನೂ, ಅಂದರೆ ಥಿಯರಿ ಪಾಠವನ್ನೂ ನಡೆಸುತ್ತವೆ, ಅದಕ್ಕೆ ಹಾಜರಾಗಲೇಬೇಕು ಅನ್ನಬಹುದು. ನಿಯಮಗಳೂ ಬದಲಾಗುತ್ತಿರುತ್ತವೆ. ದುಡ್ಡು ಕಟ್ಟುವ ಮೊದಲು ಡಿಜಿಸಿಎ ವೆಬ್‌ಸೈಟ್ ನೋಡಿ, ನನ್ನ ಮಾತು ನಂಬಿ ಕೂರಬೇಡಿ.

ವಿಚಿತ್ರ ಏನೆಂದರೆ, ಅಪ್ರೂವಲ್ ಕೇಳಲೇಬೇಕಾದ ಕಡೆ ಈ ಜನ ಕೇಳುವುದೇ ಇಲ್ಲ. ಸಂಬಳಕ್ಕೆ ವಿಮಾನ ಹಾರಿಸಲು ಬೇಕಾದ ಕಮರ್ಷಿಯಲ್ ಲೈಸೆನ್ಸಿಗೆ 200 ಗಂಟೆ ಹಾರಾಟ ಬೇಕು. ಅದರಲ್ಲಿ 100 ಗಂಟೆ ನೀವೇ ಪೈಲಟ್ ಇನ್ ಕಮಾಂಡ್ ಆಗಿ, ಅಂದರೆ ವಿಮಾನದ ಹೊಣೆ ಹೊತ್ತು ಹಾರಿರಬೇಕು, 300 ನಾಟಿಕಲ್ ಮೈಲಿಯ ಒಂದು ದೂರದ ಹಾರಾಟ ಇರಬೇಕು, ರಾತ್ರಿ ಹಾರಾಟ ಬೇರೆ. ನಮ್ಮ ದೇಶದಲ್ಲಿ ಇದನ್ನೆಲ್ಲ ಮಾಡಿಸುವ ಸ್ಕೂಲಿಗೆ ಡಿಜಿಸಿಎ ಅಪ್ರೂವಲ್ ಇರಲೇಬೇಕು. ಅಲ್ಲಿ ಎಷ್ಟು ವಿಮಾನ ನಿಜವಾಗಿ ಹಾರುವ ಸ್ಥಿತಿಯಲ್ಲಿವೆ, 200 ಗಂಟೆ ಮುಗಿಯಲು ಹಿಂದಿನ ಬ್ಯಾಚಿಗೆ ಎಷ್ಟು ತಿಂಗಳು ಹಿಡಿಯಿತು, ಅದನ್ನು ಕೇಳಿ ಸ್ವಾಮಿ.

ಸಹಕಾರನಗರದ ಒಬ್ಬ ಹುಡುಗ ಮನೆಯಲ್ಲೇ ಕಂಪ್ಯೂಟರಿಗೆ ಜಾಯ್‌ಸ್ಟಿಕ್ ಸಿಕ್ಕಿಸಿಕೊಂಡು ಹಾರಿಸುತ್ತಿದ್ದ. ಲಾಂಗ್ ನೋಟ್‌ಬುಕ್ಕಿನಲ್ಲಿ ಅಚ್ಚುಕಟ್ಟಾಗಿ ಗೆರೆ ಎಳೆದು, 400 ಗಂಟೆ ಬರೆದುಕೊಂಡಿದ್ದ, ಲ್ಯಾಂಡಿಂಗ್ ಲೆಕ್ಕ ಸಮೇತ. ಇದರಲ್ಲಿ ಅರ್ಧ ಆದರೂ ಹಿಡಿಯುತ್ತಾರಾ ಸಾರ್ ಅಂದ. ಒಂದು ನಿಮಿಷವೂ ಇಲ್ಲ ಮಗಾ. ಡಿಜಿಸಿಎ ಒಪ್ಪಿದ ಸಿಮ್ಯುಲೇಟರ್ ಬೇರೆ, ಅದರ ಗಂಟೆಗೂ ಮಿತಿ ಇದೆ. ಆದರೆ ಅವನು ಮುಂದೆ ನಿಜವಾಗಿ ಹಾರಲು ಹೋದಾಗ ಮೀಟರುಗಳೆಲ್ಲ ಮೊದಲ ದಿನವೇ ಪರಿಚಯ. ತೊಂದರೆ ಏನಾಯಿತು ಅಂದರೆ, ಹುಡುಗ ಕಣ್ಣೆತ್ತಿ ಹೊರಗೆ ನೋಡುತ್ತಲೇ ಇರಲಿಲ್ಲ. ಇನ್‌ಸ್ಟ್ರಕ್ಟರ್ ಕೊನೆಗೆ ಮೀಟರಿನ ಮೇಲೆ ಕಾಗದ ಅಂಟಿಸಿ ಹಾರಿಸಿದರಂತೆ.

ಇನ್ನು ಮೆಡಿಕಲ್, ಅಂದರೆ ಪೈಲಟ್ ಆಗುವವರ ಆರೋಗ್ಯ ತಪಾಸಣೆ. ಇನ್ನೊಬ್ಬ ಎಲ್ಲೋ ಒಂದು ಕಡೆ ಪೂರ್ತಿ ಫೀಸು ಕಟ್ಟಿ, ಎಂಟು ತಿಂಗಳು ಆನ್‌ಲೈನ್ ಓದಿ, ಎರಡು ಪೇಪರ್ ಪಾಸೂ ಮಾಡಿ, ಆಮೇಲೆ ಮೆಡಿಕಲ್‌ಗೆ ಹೋದ. ಬಣ್ಣದ ಚುಕ್ಕಿಗಳ ಪುಸ್ತಕ ತೆಗೆದರು, ಒಳಗಿನ ಅಂಕಿ ಅವನಿಗೆ ಕಾಣಲಿಲ್ಲ. ಬಣ್ಣಗುರುಡು ಇದೆ ಅಂತ ಹತ್ತೊಂಬತ್ತು ವರ್ಷ ಅವನಿಗಾಗಲಿ ಮನೆಯವರಿಗಾಗಲಿ ಗೊತ್ತೇ ಇರಲಿಲ್ಲ. ಮೊದಲು ಆರಂಭದ ತಪಾಸಣೆ ಕ್ಲಾಸ್ 2 ಮೆಡಿಕಲ್, ಆಮೇಲೆ ಕಮರ್ಷಿಯಲ್ ಲೈಸೆನ್ಸಿಗೆ ಬೇಕಾದ ಕ್ಲಾಸ್ 1, ಆಮೇಲೆ ನನ್ನ ಫೀಸು. ಬೆಂಗಳೂರಿನವರಿಗಂತೂ ಹಳೇ ಏರ್‌ಪೋರ್ಟ್ ರಸ್ತೆಯಲ್ಲೇ ಇನ್‌ಸ್ಟಿಟ್ಯೂಟ್ ಆಫ್ ಏರೋಸ್ಪೇಸ್ ಮೆಡಿಸಿನ್ ಇದೆ, ಪೈಲಟ್‌ಗಳ ಮೆಡಿಕಲ್ ಮಾಡುವ ಜಾಗ, ನೆಪ ಹೇಳುವ ಹಾಗೇ ಇಲ್ಲ.

ಹಾಗಂತ ದೂರದಿಂದ ಕಲಿಯುವುದೇ ದಂಡ ಅಂತ ನಾನು ಹೇಳುತ್ತಿಲ್ಲ. ಪಿಯುಸಿಯಲ್ಲಿ ಕಾಮರ್ಸ್ ಓದಿದವರು ಎನ್‌ಐಒಎಸ್ ಅನ್ನುವ ಮುಕ್ತ ಶಾಲೆಯ ಮೂಲಕ ಫಿಸಿಕ್ಸ್, ಮ್ಯಾಥ್ಸ್ ಬರೆದುಕೊಂಡು ಈ ಕಡೆ ಬಂದಿದ್ದಾರೆ, ನನ್ನ ಹತ್ತಿರವೇ ಕೆಲವರು ಓದಿದ್ದಾರೆ. ರೇಡಿಯೋದಲ್ಲಿ ಮಾತಾಡುವ ಅಭ್ಯಾಸಕ್ಕಂತೂ ಫೋನೇ ವಾಸಿ, ಎದುರಿಗಿನವರ ಮುಖ ಕಾಣುವುದಿಲ್ಲ, ಗದ್ದಲವೂ ಇರುತ್ತದೆ, ಥೇಟ್ ವಿಮಾನದ ಹಾಗೇ. ತೀರ್ಥಹಳ್ಳಿ ಕಡೆಯ ಹುಡುಗಿಯೊಬ್ಬಳಿಗೆ ಅಡಿಕೆ ಅಂಗಳದ ಮೂಲೆಯಲ್ಲಿ ಮಾತ್ರ ನೆಟ್‌ವರ್ಕು. ರೇಡಿಯೋದಲ್ಲಿ ಮೂರಕ್ಕೆ ಟ್ರೀ, ಐದಕ್ಕೆ ಫೈಫ್, ಒಂಬತ್ತಕ್ಕೆ ನೈನರ್ ಅನ್ನಬೇಕು, ಒಂದಕ್ಕೊಂದು ಕಲಸಿಹೋಗಬಾರದಲ್ಲ. ಕನ್ನಡ ಮೀಡಿಯಂನವಳು, ಇಂಗ್ಲಿಷ್ ಅಂದರೆ ಹೆದರುತ್ತಿದ್ದಳು. ಒಂದು ತಿಂಗಳಲ್ಲಿ ಆ ಮನೆಯ ಅಜ್ಜಿಯೂ ನೈನರ್ ಅನ್ನುತ್ತಿದ್ದರಂತೆ!

ನ್ಯಾವಿಗೇಷನ್ ಮಾತ್ರ ರೆಕಾರ್ಡಿಂಗ್ ನೋಡಿ ಬರುವುದು ಕಷ್ಟ. 60 ಮೈಲಿ ಹೋಗುವಷ್ಟರಲ್ಲಿ 1 ಮೈಲಿ ಪಕ್ಕಕ್ಕೆ ಸರಿದರೆ ದಿಕ್ಕು ಹೆಚ್ಚುಕಡಿಮೆ 1 ಡಿಗ್ರಿ ತಪ್ಪಿದೆ ಅಂತ ಒಂದು ಸೂತ್ರ ಇದೆ. ಎರಡು ಪಟ್ಟು ಸ್ಪೀಡಿನಲ್ಲಿ ನನ್ನ ಪಾಠ ನೋಡಿದವನನ್ನು ಕೇಳಿದೆ, 30 ಮೈಲಿಗೆ 2 ಮೈಲಿ ಸರಿದರೆ? "ಎರಡು ಡಿಗ್ರಿ ಸಾರ್." ನಾಲ್ಕು! 30ಕ್ಕೆ 2 ಅಂದರೆ 60ಕ್ಕೆ 4 ಅಲ್ಲವಾ. ಎದುರಿಗೆ ಕೂತಿದ್ದರೆ ಮುಖ ನೋಡಿಯೇ ಗೊತ್ತಾಗುತ್ತಿತ್ತು. ಆನ್‌ಲೈನ್ ತೆಗೆದುಕೊಳ್ಳುವುದಾದರೆ ಲೈವ್ ತೆಗೆದುಕೊಳ್ಳಿ.

ವಿಮಾನದ ರಿಪೇರಿ ಕೆಲಸ, ಅಂದರೆ ಎಎಂಇ, ಅದನ್ನು ಡಿಸ್ಟೆನ್ಸ್‌ನಲ್ಲಿ ಮಾಡಿಸುತ್ತೇವೆ ಅಂದವರಿಗೆ ಕೈ ಮುಗಿದು ಎದ್ದು ಬನ್ನಿ. ಸ್ಪ್ಯಾನರ್ ಹಿಡಿಯದೆ ಯಾವ ಮೆಕ್ಯಾನಿಕ್ಕೂ ಆಗುವುದಿಲ್ಲ. ದೂರಶಿಕ್ಷಣದ ಏವಿಯೇಷನ್ ಬಿಬಿಎ, ಎಂಬಿಎ ಇವೆಲ್ಲ ಆಫೀಸು ಕೆಲಸಕ್ಕೆ, ಅದರಲ್ಲಿ ತಪ್ಪೇನಿಲ್ಲ, ಕಾಕ್‌ಪಿಟ್ಟಿಗೆ ಸಂಬಂಧವಿಲ್ಲ ಅಷ್ಟೇ.

ತಿಪಟೂರಿನವರಿಗೆ ಇಷ್ಟನ್ನೂ ಮುಕ್ಕಾಲು ಗಂಟೆ ಹೇಳಿದೆ. ತಿಂಡಿ ಆರಿಹೋಯಿತು. ಎಲ್ಲಕ್ಕೂ ಹೂಂ ಹೂಂ ಅಂದರು, ಮೆಡಿಕಲ್ ಮೊದಲು ಮಾಡಿಸುತ್ತೇನೆ ಅಂದರು, ಎಳನೀರಿಗೆ ತೋಟಕ್ಕೆ ಬನ್ನಿ ಅಂತಲೂ ಕರೆದರು. ನಿನ್ನೆ ಮತ್ತೆ ಫೋನು. "ಸಾರ್, ಇಲ್ಲಿ ಇನ್ನೊಂದು ಆನ್‌ಲೈನ್ ಕ್ಲಾಸಿದೆ, ಫೀಸು ನಿಮಗಿಂತ ಡಬಲ್ಲು. ಆದರೆ ಅವರದು ಅಪ್ರೂವ್ಡಂತೆ."