ಬೀಪ್ ಬಂದ್ರೆ ವೈರ್ ಪಾಸ್ ಅಂತಲ್ಲ: ಮಾಡ್ಯೂಲ್ 7ರ ಟಿಪ್ಪಣಿ

ವಿಮಾನ ರಿಪೇರಿ ಮಾಡುವ ಎಂಜಿನಿಯರ್ ಲೈಸೆನ್ಸಿಗೆ ಡಿಜಿಸಿಎ (ವಿಮಾನಯಾನ ನಿಯಂತ್ರಕ ಸಂಸ್ಥೆ) ನಡೆಸುವ ಪರೀಕ್ಷೆಯ ಮಾಡ್ಯೂಲ್ 7ರಲ್ಲಿ ಕಂಟಿನ್ಯುಟಿ (ವೈರ್ ತುಂಡಾಗದೆ ಇದೆಯಾ), ಇನ್ಸುಲೇಷನ್ (ಹೊದಿಕೆ ಕರೆಂಟ್ ಸೋರದಂತೆ ತಡೆಯುತ್ತಾ), ಬಾಂಡಿಂಗ್ (ಲೋಹದ ಭಾಗಗಳು ಒಂದಕ್ಕೊಂದು ಸರಿಯಾಗಿ ಸೇರಿವೆಯಾ) ಮೂರೂ ಒಂದೇ ಸಾಲಿನಲ್ಲಿ ಬರುತ್ತವೆ. ಓದುವಾಗ ಎಲ್ಲಾ ಒಂದೇ ಅನ್ನಿಸುತ್ತೆ. ನನಗೆ ಮೊದಲೆರಡರ ವ್ಯತ್ಯಾಸ ತಿಳಿದದ್ದು ಗಂಗಾವತಿಯಲ್ಲಿ, ಸೋದರಮಾವನ ಮೋಟಾರ್ ರಿವೈಂಡಿಂಗ್ ಅಂಗಡಿಯಲ್ಲಿ.

ಮೊದಲು ಕಂಟಿನ್ಯುಟಿ. ಮಲ್ಟಿಮೀಟರ್ ಬೀಪ್ ಅಂದರೆ ವೈರ್ ಈ ತುದಿಯಿಂದ ಆ ತುದಿಗೆ ಮುಟ್ಟಿದೆ, ಅಷ್ಟೇ. ವಿಮಾನದ 22 ಗೇಜ್ ವೈರಿನಲ್ಲಿ ಸಾಮಾನ್ಯವಾಗಿ 19 ಎಳೆ ಇರುತ್ತವೆ. ಕ್ರಿಂಪ್ (ವೈರಿನ ತುದಿಗೆ ಪಿನ್ನನ್ನು ಅಮುಕಿ ಕೂರಿಸಿದ ಜಾಗ) ಹತ್ತಿರ 18 ಎಳೆ ತುಂಡಾಗಿ ಒಂದೇ ಉಳಿದಿದ್ದರೂ ಬೀಪ್ ಬರುತ್ತೆ. ಅದನ್ನು ಹಿಡಿಯೋದು ಕಣ್ಣು ಮತ್ತು ಎಳೆದು ನೋಡುವ ಕೈ, ಮೀಟರ್ ಅಲ್ಲ. ಪವರ್ ವೈರ್ ಆದರೆ ಬಲ್ಬ್ ಹಾಕಿ, ಕರೆಂಟ್ ಹರಿಸಿ ನೋಡಿ. ಸಡಿಲ ಜಾಯಿಂಟಿನಲ್ಲಿ ಅರ್ಧ ಓಮ್ ಇದ್ದರೆ ಬಝರ್‌ಗೆ ಗೊತ್ತಾಗಲ್ಲ. 2 ಆಂಪಿಯರ್ ಹರಿಸಿ, ಅಲ್ಲೇ 1 ವೋಲ್ಟ್ ಮಾಯ.

ಜನ ಬಿಟ್ಟುಬಿಡುವ ಪ್ರಶ್ನೆ ಇನ್ನೊಂದಿದೆ. ಈ ವೈರ್ ಹೋಗಬಾರದ ಕಡೆಗೂ ಹೋಗಿದೆಯಾ? 37 ಪಿನ್ ಕನೆಕ್ಟರಿನಲ್ಲಿ 666 ಜೋಡಿ ಆಗುತ್ತವೆ. ಎಲ್ಲಾ ನೋಡುತ್ತಾ ಕೂತರೆ ಸಂಜೆಯಾಗುತ್ತೆ. ಆ ಕಡೆಯ ತುದಿ ಬಿಚ್ಚಿಟ್ಟು, ಈ ಕಡೆ ಒಂದು ಪಿನ್ ಬಿಟ್ಟು ಉಳಿದ 36ನ್ನೂ ವಿಮಾನದ ಲೋಹದ ಮೈಗೆ (ಅದೇ ಗ್ರೌಂಡ್) ಸೇರಿಸಿ, ಆ ಒಂದು ಪಿನ್ನಿಗೂ ಮೈಗೂ ಮೀಟರ್ ಹಿಡಿದರೆ 37 ಸಲ ಸಾಕು. ಬೀಪ್ ಬರಬಾರದು. ಗ್ರೌಂಡಿಗೆ ಹೋಗಲೇಬೇಕಾದ ಪಿನ್‌ಗಳು ಮಾತ್ರ ಹೇಗೂ ಬೀಪ್ ಅನ್ನುತ್ತವೆ, ಡ್ರಾಯಿಂಗ್ ಪಕ್ಕದಲ್ಲಿರಲಿ. ಹಾಂ, ಮೀಟರಿನ ದಪ್ಪ ಮೊನೆಯನ್ನು ಸಾಕೆಟ್ ಪಿನ್ನಿಗೆ ತುರುಕಬೇಡಿ. ಪಿನ್ ಅಗಲವಾಗಿ ಸಡಿಲವಾಗುತ್ತೆ. ಟೆಸ್ಟ್ ಮಾಡೋಕೆ ಹೋಗಿ ಫಾಲ್ಟ್ ಹುಟ್ಟಿಸಿದ ಹಾಗೆ. ಅಳತೆಗೆ ಸರಿಯಾದ ಪಿನ್ನಿಗೆ ಒಂದು ವೈರ್ ಕ್ರಿಂಪ್ ಮಾಡಿ ಇಟ್ಟುಕೊಳ್ಳಿ.

ಇನ್ನು ಇನ್ಸುಲೇಷನ್. ಅದನ್ನು ನೋಡೋದು ಮೆಗ್ಗರ್, ಅಂದರೆ ಹೆಚ್ಚು ವೋಲ್ಟ್ ಕೊಟ್ಟು ಇನ್ಸುಲೇಷನ್ ಅಳೆಯುವ ಮೀಟರ್. ಅಂಗಡಿಯಲ್ಲಿ ಒಮ್ಮೆ ಬೋರ್‌ವೆಲ್ ಮೋಟಾರಿಗೆ 500 ವೋಲ್ಟ್ ಮೆಗ್ಗರ್ ಹಚ್ಚಿದೆ. ಸ್ಟಾರ್ಟರಿನ ಎಲೆಕ್ಟ್ರಾನಿಕ್ ಬೋರ್ಡ್ ಬಿಚ್ಚಿರಲಿಲ್ಲ. ಬೋರ್ಡ್ ಸತ್ತಿತು. ‘ಬೋರ್ಡ್ ಬಿಚ್ಚಲಾರ್ದ ಮೆಗ್ಗರ್ ಹಚ್ಚೀಯಲ್ಲೋ ಅಳಿಯಾ, ಈಗ ರೊಕ್ಕ ಯಾರ್ ಕೊಡ್ತಾರ?’ ಅಂದರು ಮಾವ. ವಿಮಾನದಲ್ಲಿ ಆ ಬೋರ್ಡಿನ ಜಾಗದಲ್ಲಿ ರೇಡಿಯೊ, ಟ್ರಾನ್ಸ್‌ಪಾಂಡರ್ (ರೇಡಾರ್‌ಗೆ ವಿಮಾನದ ಗುರುತು ಕಳಿಸುವ ಸಾಧನ) ಇರುತ್ತವೆ. ಇಂಥ ಬಾಕ್ಸ್‌ಗಳನ್ನೆಲ್ಲಾ ವೈರಿನಿಂದ ಬಿಚ್ಚಿದ ಮೇಲೆಯೇ ಇನ್ಸುಲೇಷನ್ ಟೆಸ್ಟ್. ಎಷ್ಟು ವೋಲ್ಟ್, ಎಷ್ಟು ಮೆಗಾಓಮ್ ಅನ್ನೋದು ಮ್ಯಾನ್ಯುಯಲ್ ಹೇಳಿದಂತೆ.

ಇಷ್ಟೆಲ್ಲಾ ಬೇಕಾ ಅಂತೀರಾ? 1998ರ ಸೆಪ್ಟೆಂಬರ್ 2ರಂದು ಸ್ವಿಸ್‌ಏರ್ 111 ವಿಮಾನ ಕೆನಡಾದ ನೋವಾ ಸ್ಕೋಷಿಯಾ ಬಳಿ ಸಮುದ್ರಕ್ಕೆ ಬಿತ್ತು. 229 ಜನ ಸತ್ತರು. ಬೆಂಕಿ ಹತ್ತಿದ್ದು ಬಹುಶಃ ವೈರಿನ ಆರ್ಕಿಂಗ್‌ನಿಂದ (ಕಿಡಿ ಹಾರಿದ್ದರಿಂದ) ಅಂತ ತನಿಖೆ ಹೇಳಿತು. ಆರ್ಕ್ ಆದ ವೈರ್‌ಗಳಲ್ಲಿ ಆಮೇಲೆ ಹಾಕಿಸಿದ ಮನರಂಜನಾ ವ್ಯವಸ್ಥೆಯದೂ ಇತ್ತು. ಸಾಮಾನ್ಯ ಸರ್ಕ್ಯೂಟ್ ಬ್ರೇಕರ್ ಓವರ್‌ಲೋಡಿಗೆ ಬೀಳುತ್ತೆ. ಬಿಟ್ಟು ಬಿಟ್ಟು ಬರುವ ಕಿಡಿಗೆ ಎಷ್ಟೋ ಸಲ ಬೀಳುವುದೇ ಇಲ್ಲ.

ಹಾಗಾದರೆ ಎಷ್ಟು ಟೆಸ್ಟ್ ಸಾಕು? ಹೊಸ ಹಾರ್ನೆಸ್ (ಕನೆಕ್ಟರ್ ಸಮೇತ ಕಟ್ಟಿದ ವೈರ್ ಕಟ್ಟು) ಆದರೆ ಬೆಂಚ್ ಮೇಲೆ ಪ್ರತಿ ಪಿನ್. ವಿಮಾನದೊಳಗೆ ಎಳೆದು ಕ್ಲ್ಯಾಂಪ್ ಬಿಗಿದ ಮೇಲೆ ಇನ್ನೊಂದು ಸಲ, ಯಾಕಂದ್ರೆ ಫ್ರೇಮಿನ ಅಂಚಿಗೆ ಇನ್ಸುಲೇಷನ್ ಕೆತ್ತಿಹೋಗೋದು ಎಳೆಯುವಾಗಲೇ. ಆಮೇಲೆ ಬಾಕ್ಸ್ ಹಾಕದೆ ಪವರ್ ಕೊಟ್ಟು, ಸರಿಯಾದ ಪಿನ್ನಿನಲ್ಲಿ ಮಾತ್ರ ವೋಲ್ಟೇಜ್ ಇದೆಯಾ ನೋಡಿ. ಇದ್ದರೆ ಪವರ್ ಆಫ್ ಮಾಡಿ, ಬಾಕ್ಸ್ ಕೂರಿಸಿ.